ತಣ್ಣನೆಯ ತೊರೆಗೆ ಅಡ್ಡ ಕಟ್ಟಿದ ದೋಣಿ

ವರ್ಬೀನಾ ಅತ್ತೆಯಷ್ಟು ಹಟಮಾರಿ ಹೆಂಗಸು ಕೊಲಂಬಿಯಾ ನದಿಯ ಎರಡೂ ದಡದಲ್ಲಿ ಇಲ್ಲ. ಅರವತ್ತೊಂಬತ್ತು ವರ್ಷ, ಮೊಣಕಾಲು ಸೋತಿದೆ, ಬಾಯಿ ಸೋತಿಲ್ಲ. ಹದಿನಾರಕ್ಕೇ ಬಂಡೆಯಂಚಿನ ಅಟ್ಟಣೆಯಲ್ಲಿ ನಿಂತು ಮೀನಿನ ಬಲೆ ಹಿಡಿದವಳು. ಹೆಂಗಸರಿಗೆ ಇದೆಲ್ಲ ಯಾಕೆ ಎಂದ ದೊಡ್ಡವರಿಗೆ, "ಹಾಗಾದ್ರೆ ನೀವು ಒಲೆ ಮುಂದೆ ಕೂತ್ಕೊಳ್ಳಿ" ಎಂದಿದ್ದಳಂತೆ.

ಹೋದ ಆಗಸ್ಟಿನಲ್ಲಿ ನದಿ ಕಾದಿತ್ತು. ಅಣೆಕಟ್ಟುಗಳ ಹಿಂದೆ ನಿಂತ ನೀರು ಬಿಸಿಲು ಕುಡಿದು ಉಗುರುಬೆಚ್ಚಗಾಗಿತ್ತು. ಅಂಥ ನೀರಿನಲ್ಲಿ ಸಾಲ್ಮನ್ ಮೀನಿಗೆ ಉಸಿರು ಸಾಲದು, ಮೈಗೆ ಬಿಳಿ ಬೂಸ್ಟು ಹತ್ತುತ್ತದೆ. ಮೊಟ್ಟೆಯಿಡಲು ಮೇಲಕ್ಕೆ ಹೊರಟ ಮೀನುಗಳು ದಾರಿ ಬಿಟ್ಟು, ಬೆಟ್ಟದ ತಣ್ಣನೆಯ ತೊರೆ ನದಿಗೆ ಸೇರುವಲ್ಲಿ ಒತ್ತೊತ್ತಾಗಿ ನಿಂತುಬಿಟ್ಟವು. ಕೈ ಹಾಕಿದರೆ ಸಿಗುತ್ತಿದ್ದವು. ಯಾರೂ ಅವನ್ನು ಹಿಡಿಯದ ಹಾಗೆ ಅತ್ತೆ ತನ್ನ ದೋಣಿಯನ್ನು ಅಲ್ಲಿಗೆ ಅಡ್ಡ ಕಟ್ಟಿ ಕೂತಳು. ಮೋಜಿಗೆ ಗಾಳ ಹಾಕುವ ಪಟ್ಟಣದವರು ಬೈದರು. ಇವಳು ಎರಡರಷ್ಟು ಬೈದಳು.

ಪೇಚಿಗೆ ಸಿಕ್ಕಿದ್ದು ನಾವು. ಆ ಭಾನುವಾರ ತೀರಿಹೋದ ಅವಳ ಗಂಡ ಆರ್ವಿಲ್ ಮಾವನ ವರ್ಷದ ಊಟ. ನಮ್ಮ ಬುಡಕಟ್ಟಿನಲ್ಲಿ ಇಂಥ ಊಟಕ್ಕೆ ಕೂತಾಗ ಹಿರಿಯರು ಒಂದೊಂದೇ ಹೆಸರು ಕೂಗುತ್ತಾರೆ: ಮೊದಲು ನೀರು, ಆಮೇಲೆ ಸಾಲ್ಮನ್, ಜಿಂಕೆ, ಗೆಡ್ಡೆ, ಹಣ್ಣು. ಕೂಗಿದ್ದನ್ನು ಸವಿದೇ ಮುಂದಕ್ಕೆ. ಸಾಲ್ಮನ್ ಇಲ್ಲದೆ ಸತ್ತವನ ಮಾನ ಉಳಿಯುತ್ತದೆಯೆ? ಒಣಗಿಸಿಟ್ಟದ್ದು ಚಳಿಗಾಲದ ಸಾವುಗಳ ಊಟಕ್ಕೇ ಮುಗಿದಿತ್ತು. ನದಿಯ ಬಲೆಗೆ ಬಂದದ್ದೆಲ್ಲ ಕೊಳೆತ ಮೈಯವು.

ನನ್ನಣ್ಣ ಡೆಲ್ಬರ್ಟ್ ದೋಣಿಯ ಬಳಿ ಹೋಗಿ ಅಂಗಲಾಚಿದ. "ಅತ್ತೆ, ಹತ್ತೇ ಹತ್ತು ಮೀನು. ಮಾವನಿಗೋಸ್ಕರ."

"ಉರಿ ತಾಳಲಾರ್ದೆ ನೆರಳಿಗೆ ಬಂದವ್ರನ್ನ ಹೊಡೀತೀಯೇನೋ? ನಾಚ್ಕೆ ಆಗಲ್ವಾ?"

"ನಾವು ಬಿಟ್ರೆ ಗಾಳದವ್ರು ಹಿಡೀತಾರೆ."

"ನಾನು ಸತ್ತ ಮೇಲೆ ಹಿಡೀಲಿ."

ಜೊತೆಗೆ ಹೋಗಿದ್ದ ನನಗೂ ರೇಗಿತು. "ಬದುಕಿದ್ದಾಗ್ಲೂ ಮಾವನ ಮಾತು ಕೇಳ್ಲಿಲ್ಲ, ಈಗ ಮರ್ಯಾದೆನೂ ಕಳೀತಿದೀಯ" ಎಂದುಬಿಟ್ಟೆ. ಅವಳ ಕಣ್ಣು ತುಂಬಿತು. ದೋಣಿ ಕದಲಲಿಲ್ಲ.

ಭಾನುವಾರ ದೋಣಿ ಕಾಯಲು ಡೆಲ್ಬರ್ಟನನ್ನೇ ಕೂರಿಸಿ ಬಂದಳು. ಗೊಣಗಿದ, ಆದರೂ ಕೂತ. ಊಟದ ಮನೆ ತುಂಬಿತ್ತು. ನೀರು ಕುಡಿದೆವು. ಹಿರಿಯರು "ಸಾಲ್ಮನ್" ಎಂದು ಕೂಗಿದರು. ಅತ್ತೆ ದೊಡ್ಡ ಮರದ ತಟ್ಟೆಯನ್ನು ಬರಿದಾಗಿಯೇ ಎತ್ತಿಕೊಂಡು, ಕುಂಟುತ್ತ ಒಬ್ಬೊಬ್ಬರ ಮುಂದೂ ಹಿಡಿದಳು. ಯಾರನ್ನೂ ಬಿಡಲಿಲ್ಲ. ಮುಂದಿನ ಹೆಸರು ಕೂಗಲು ಹೊರಟ ಹಿರಿಯರಿಗೆ, "ತಡೀರಿ, ಇನ್ನೂ ಬಡಿಸಿ ಆಗಿಲ್ಲ" ಎಂದಳು.

ನನ್ನ ಮುಂದೆ ಬಂದಾಗ ಮುಖ ತಿರುಗಿಸಿದೆ.

"ನೋಡೇ. ತೊರೇಲಿ ನಿಂತಿರೋವನ್ನೂ ತಿಂದ್ಬಿಟ್ರೆ, ನನ್ನ ವರ್ಷಕ್ಕೆ ನೀನು ಬಡಿಸೋದು ಇದನ್ನೇ."