ತಾರೀಖು ತಪ್ಪದ ಬಲೆ

ಅಳಿವೆಯಲ್ಲಿ ಮರಿಮೀನು ಎಣಿಸುವುದೇ ಅವನ ನೌಕರಿ. ಕಡಲಲ್ಲಿ ಹುಟ್ಟಿದ ಮರಿಗಳು ಹೊಳೆ ಕಡಲು ಸೇರುವ ಆ ಮಂದ ನೀರಿಗೆ ಬಂದು, ಮೈ ತುಂಬಿಕೊಂಡು ಮರಳುತ್ತವೆ. ಮೀನುಗಾರಿಕೆ ಇಲಾಖೆ ಗೊತ್ತುಮಾಡಿದ ತಾರೀಖಿಗೆ ವರ್ಷಕ್ಕೊಮ್ಮೆ ಬಲೆ ಎಳೆಯಬೇಕು. ಇಪ್ಪತ್ತಾರು ವರ್ಷಗಳಲ್ಲಿ ಅವನು ಒಂದು ದಿನವೂ ಆಚೀಚೆ ಮಾಡಿದವನಲ್ಲ. ಅಮ್ಮ ತೀರಿಕೊಂಡ ಮರುದಿನವೂ ಎದೆಮಟ್ಟದ ನೀರಿನಲ್ಲಿ ನಿಂತಿದ್ದ.

ನಾಲ್ಕು ವರ್ಷಗಳಿಂದ ಬಲೆಗೆ ಬರುವುದು ಬರೀ ಕೆಸರು, ಕೊಳೆತ ಎಲೆ. ಈ ಸಲವೂ ರಿಜಿಸ್ಟರಿನಲ್ಲಿ ಸೊನ್ನೆ ಬರೆದು, ಒದ್ದೆ ಪ್ಯಾಂಟಿನಲ್ಲೇ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದ.

"ಮರಿಗಳ ಸಂತಾನವೇ ಮುಗೀತು ಕಣೇ."

ಹೆಂಡತಿ ದಿನಾ ಅದೇ ನೀರಿಗಿಳಿದು ಚಿಪ್ಪು ಆರಿಸುವವಳು. "ಎಲ್ಲಿ ಮುಗೀತು? ಹೋದ ತಿಂಗಳು ನನ್ನ ಕಾಲು ಕಚ್ಚಿ ಕಚ್ಚಿ ಸಾಕುಸಾಕು ಮಾಡಿದ್ವು. ನೀರು ಬೇಗ ಬಿಸಿಯಾಗ್ತಿದೆ ರೀ, ಅವೂ ಬೇಗ ಬಂದು ಬೇಗ ಹೋಗ್ತಿವೆ."

"ಹೇಳೋಕೆ ನಿನಗೇನು ಧಾಡಿ?"

"ವರ್ಷವರ್ಷವೂ ಹೇಳ್ದೆ. ತಾರೀಖು ಇನ್ನೂ ಬಂದಿಲ್ಲ ಅಂತ ನೀವೇ ಬಾಯಿ ಮುಚ್ಚಿಸಿದ್ರಿ."

ಅವನು ಕೆಸರುಗಾಲನ್ನು ಮುಂದಕ್ಕೆ ಚಾಚಿದ. "ಮುಂದಿನ ವರ್ಷ ಅವು ಬಂದ ದಿನವೇ ಹೇಳು. ಅವತ್ತೇ ಬಲೆ ಹಾಕ್ತೀನಿ."

ಅವಳು ಅವನ ಪಾದಕ್ಕೆ ಬಿಸಿನೀರು ಸುರಿದಳು.

"ಮುಂದಿನ ವರ್ಷ ನೀವು ರಿಟೈರಾಗಿರ್ತೀರಲ್ಲ."