ಡ್ಯಾಶ್‌ಬೋರ್ಡಿನ ಮೇಲೆ ಇಡ್ಲಿ ತಟ್ಟೆ

ಜುಲೈ ಬಂತೆಂದರೆ ನನ್ನ ಹಳೇ ಕಾರಿನಿಂದ ಕ್ರಯಾನ್ ವಾಸನೆ ಏಳುತ್ತದೆ. ಡಿಕ್ಕಿಯೊಳಗೆ ಅಂಟಿದ ಮೇಣವನ್ನು ಎರಡು ಸಲ ತಿಕ್ಕಿಸಿದ್ದೇನೆ, ಹೋಗಿಲ್ಲ. ಮೊನ್ನೆ ಶುಕ್ರವಾರ ಮಧ್ಯಾಹ್ನ ಡಿಕ್ಕಿ ತೆಗೆದವನು ಆ ವಾಸನೆಗೆ ಹಾಗೇ ನಿಂತುಬಿಟ್ಟೆ. ದೋಹಾದಲ್ಲಿ ಆ ಹೊತ್ತಿನ ಬಿಸಿಲು ಯಾರೂ ನಿಲ್ಲುವಂಥದ್ದಲ್ಲ. ಆದರೂ ನಿಂತೆ... ಎದುರು ಮನೆ ಟೀಚರ್ ನೆನಪಾದರು.

ಬಿನ್ ಒಮ್ರಾನ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಅವರು ಟೀಚರ್. ಉಡುಪಿ ಕಡೆಯವರು, ಮನೆಮಾತು ತುಳು. ಇಲ್ಲಿಯ ಒಂದು ಶಾಲೆಯಲ್ಲಿ ಕೆಜಿ ಮಕ್ಕಳಿಗೆ ಕಲಿಸುತ್ತಿದ್ದರು. ಬೇಸಿಗೆ ರಜೆ ಶುರುವಾದರೆ ನಾವೆಲ್ಲ ಊರಿನ ವಿಮಾನ ಹತ್ತಿದರೆ, ಅವರು ಮಾತ್ರ ಟಾಂಜಾನಿಯಾದ ವಿಮಾನ ಹತ್ತುತ್ತಿದ್ದರು. ಅಲ್ಲಿ ಗುಡ್ಡದ ಮೇಲಿನ ಒಂದು ಹಳ್ಳಿ ಶಾಲೆ. ಆರು ವಾರ, ಸಂಬಳವಿಲ್ಲದೆ, ನಾಲ್ಕೈದು ವರ್ಷದ ಮಕ್ಕಳಿಗೆ ಪಾಠ ಹೇಳಿ ಬರುತ್ತಿದ್ದರು.

"ಇಲ್ಲಿಯ ಬಿಸಿಲು ಸಾಲಲಿಲ್ವಾ ಟೀಚರ್?" ಎಂದು ನಾನು ರೇಗಿಸುತ್ತಿದ್ದೆ.

"ಅಲ್ಲಿ ಸ್ವೆಟರ್ ಬೇಕು ಮಾರಾಯ. ಒಂದು ವರ್ಷ ಬಂದು ನೋಡು."

ಪ್ರತಿ ವರ್ಷವೂ ಕರೆಯುತ್ತಿದ್ದರು. ಪ್ರತಿ ವರ್ಷವೂ ನಾನು "ಇನ್ಶಾ ಅಲ್ಲಾ ಟೀಚರ್" ಎನ್ನುತ್ತಿದ್ದೆ. ದೇವರಿಚ್ಛೆಯಿದ್ದರೆ ಎಂದರ್ಥ, ಕೊಲ್ಲಿಗೆ ಬಂದ ಮೇಲೆ ಕಲಿತ ಮಾತು. ಇಲ್ಲ ಎನ್ನಲು ಧೈರ್ಯ ಸಾಲದ ಕಡೆಯೆಲ್ಲ ಅದನ್ನೇ ಬಳಸುವ ದುರಭ್ಯಾಸ ನನ್ನದು.

ಮೊದಲ ವರ್ಷ ಅಲ್ಲಿಗೆ ಹೋದಾಗ ಅವರಿಗೆ ಸ್ವಾಹಿಲಿ ಒಂದಕ್ಷರ ಬರುತ್ತಿರಲಿಲ್ಲವಂತೆ. ಮಕ್ಕಳ ನಡುವೆ ನೆಲದ ಮೇಲೆ ಕೂತು, ಒಂದೊಂದೇ ವಸ್ತು ಎತ್ತಿ ಹಿಡಿದು, ಇದಕ್ಕೇನು ಹೆಸರು ಎಂದು ಸನ್ನೆಯಲ್ಲೇ ಕೇಳಿದರಂತೆ. ಇವರ ಉಚ್ಚಾರ ಕೇಳಿ ಮಕ್ಕಳು ಬಿದ್ದು ಬಿದ್ದು ನಕ್ಕರಂತೆ. ಮಾರನೆಯ ದಿನದಿಂದ ತಪ್ಪು ಓದಲು ಯಾವ ಮಗುವೂ ಹೆದರಲಿಲ್ಲ. ಅಷ್ಟು ವರ್ಷ ಪಾಠ ಹೇಳಿದವರು ಪುಟ್ಟ ಮಕ್ಕಳೆದುರು ದಡ್ಡಿಯಾಗಿ ಕೂರಬೇಕಾದರೆ ಎಂಥ ದೊಡ್ಡ ಮನಸ್ಸು ಬೇಕು! ನಾನಾದರೋ ಆಫೀಸಿನ ಮೀಟಿಂಗಿನಲ್ಲಿ ಅರ್ಥವಾಗದ್ದಕ್ಕೂ ತಲೆಯಾಡಿಸುವವನು.

ಜೂನ್ ತಿಂಗಳಲ್ಲಿ ಅವರು ಲಿಫ್ಟಿನ ಪಕ್ಕ ಒಂದು ರಟ್ಟಿನ ಡಬ್ಬ ಇಡುತ್ತಿದ್ದರು. ಶಾಲೆ ಮುಗಿದ ಮಕ್ಕಳು ಬಿಸಾಡುವ ಅರ್ಧಂಬರ್ಧ ಪೆನ್ಸಿಲ್, ಪುಸ್ತಕ ಎಲ್ಲ ಅದರಲ್ಲಿ ಬೀಳುತ್ತಿತ್ತು. ಒಂದು ವರ್ಷ ಅವರಿಗೆ ಬೇಕಾಗಿದ್ದದ್ದು ಕ್ರಯಾನ್ ಮಾತ್ರ. ಹಿಂದಿನ ಸಲ ತರಗತಿಯಲ್ಲಿ ಒಂದೊಂದು ಕ್ರಯಾನನ್ನು ಮೂರು ತುಂಡು ಮಾಡಿ ಹಂಚಬೇಕಾಗಿ ಬಂದಿತ್ತು. ಮುಂದಿನ ವರ್ಷ ಪ್ರತಿಯೊಬ್ಬರಿಗೂ ಮುರಿಯದ್ದು ತರುತ್ತೇನೆ ಎಂದು ನಲವತ್ತೊಂದು ಮಕ್ಕಳಿಗೆ ಮಾತು ಕೊಟ್ಟು ಬಂದಿದ್ದರು. ಆಫೀಸಿನಲ್ಲಿ ಎಲ್ಲರಿಂದಲೂ ಸೇರಿಸಿ ಕೊಡುತ್ತೇನೆ ಎಂದು ನಾನು ಜಂಬದಿಂದ ಒಪ್ಪಿಕೊಂಡೆ. ಗುರುವಾರ ಪೆಟ್ಟಿಗೆ ತುಂಬ ಕ್ರಯಾನ್ ಸಿಕ್ಕಿತು. ಡಿಕ್ಕಿಯಲ್ಲಿಟ್ಟೆ. ವಾರದ ಕೊನೆಯ ರಜೆಯ ಗುಂಗಿನಲ್ಲಿ ಮರೆತೇಬಿಟ್ಟೆ.

ಶನಿವಾರ ಬೆಳಿಗ್ಗೆ ಟೀಚರ್ ಬಾಗಿಲು ಬಡಿದಾಗ ನೆನಪಾಯಿತು. ಮರುದಿನ ಅವರ ವಿಮಾನ. ಓಡಿಹೋಗಿ ಡಿಕ್ಕಿ ತೆಗೆದೆ. ಎರಡು ದಿನ ಬಯಲಲ್ಲಿ ನಿಂತ ಕಾರು. ಕ್ರಯಾನ್ ಎಲ್ಲ ಕರಗಿ, ಕಾಗದ ರಟ್ಟು ಸಮೇತ ಒಂದೇ ಮುದ್ದೆಯಾಗಿತ್ತು. ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

"ಹೊಸದು ತಂದುಕೊಡ್ತೀನಿ ಟೀಚರ್, ಈಗ್ಲೇ ಹೋಗ್ತೀನಿ" ಎಂದೆ.

ಅವರು ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿದರು. "ಒಳ್ಳೇ ಸಾಮಾನು ಇಲ್ಲೇ ಉಂಟಲ್ಲ, ಹೊಸದು ಎಂತಕ್ಕೆ? ಕಾರಿನ ಕೀ ನನ್ನ ಹತ್ರ ಕೊಡು. ನೀನು ಮೇಲೆ ಹೋಗಿ ಎಲ್ಲರ ಮನೆಯಿಂದ ಇಡ್ಲಿ ತಟ್ಟೆ ತಾ. ಯಲ್ಲಾ, ಬೇಗ!"

ಮೂರನೇ ಮಹಡಿಯ ಮಲಯಾಳಿ ಮನೆ, ಐದನೇ ಮಹಡಿಯ ತಮಿಳರ ಮನೆ, ನಮ್ಮ ಮನೆ... ಯಾತಕ್ಕೆಂದು ಹೇಳದೆ ತಟ್ಟೆ ಬೇಡಿಕೊಂಡು ಬಂದೆ. ಟೀಚರ್ ಕಾಗದ ಬಿಡಿಸಿ, ಮುದ್ದೆಯನ್ನು ಚಾಕುವಿನಿಂದ ತುಂಡು ಮಾಡಿದರು. ಇಡ್ಲಿ ಹೊಯ್ಯುವ ಹಾಗೆಯೇ ಗುಳಿಗಳಿಗೆ ಎಣ್ಣೆ ಸವರಿ ತುಂಡುಗಳನ್ನು ತುಂಬಿದರು. ಆಮೇಲೆ ತಟ್ಟೆಗಳನ್ನು ನನ್ನ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಬುಡಕ್ಕೆ ಸಾಲಾಗಿ ಜೋಡಿಸಿ ಬಾಗಿಲು ಹಾಕಿದರು. ಒಲೆ ಹಚ್ಚಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಎಲ್ಲ ಕರಗಿ ಸಮವಾಗಿ ಹರಡಿತ್ತು. ಮನೆಯೊಳಗೆ ಎಸಿ ಕೆಳಗೆ ಇಟ್ಟು ಆರಿಸಿ, ತಟ್ಟೆ ಮಗುಚಿದರೆ ಕೆಂಪು, ಹಳದಿ, ನೀಲಿ ಬೆರೆತ ಇಡ್ಲಿಗಳು ಟಪಟಪ ಬಿದ್ದವು. ಎಣಿಸಿದರು. ಮೂರು ಹೆಚ್ಚೇ ಇದ್ದವು. ಆ ಬಿಸಿಲಿಗೆ ಕೆಂಪಗಾಗಿದ್ದ ಮುಖದಲ್ಲಿ ಅಷ್ಟಗಲ ನಗು. ನನಗೆ ಒಂದು ಕೆಟ್ಟ ಮಾತೂ ಆಡಲಿಲ್ಲ.

"ಸಿಟ್ಟು ಬರ್ಲಿಲ್ವಾ ಟೀಚರ್?" ಎಂದು ನಾನೇ ಕೇಳಿದೆ.

"ಬಂತು. ಆದ್ರೆ ನಿನಗೆ ಬೈದ್ರೆ ಮಕ್ಕಳಿಗೆ ಎಂತ ಸಿಗ್ತದೆ?"

ಹತ್ತು ದಿನದ ಮೇಲೆ ಫೋನಿಗೆ ಒಂದು ಫೋಟೋ ಬಂತು. ನೆಲದ ಮೇಲೆ ಮಕ್ಕಳು, ಪ್ರತಿ ಮುಷ್ಟಿಯಲ್ಲೂ ಒಂದೊಂದು ಇಡ್ಲಿ. ತೆಳುವಾದ ಕ್ರಯಾನ್ ಹಿಡಿಯಲು ಬಾರದ ಅತಿ ಚಿಕ್ಕವರಿಗೂ ಇದು ಕೈತುಂಬ ಸಿಗುತ್ತದೆ, ಕೆಂಪು ನನಗೆ ಎಂಬ ಜಗಳವೂ ಇಲ್ಲ ಎಂದು ಬರೆದಿದ್ದರು. ಮರುವರ್ಷದಿಂದ ಬೇಕೆಂದೇ ಹಾಗೆ ಮಾಡತೊಡಗಿದೆವು; ಅದಕ್ಕೆಂದೇ ಟೀಚರ್ ಬೇರೆ ಇಡ್ಲಿ ತಟ್ಟೆಗಳನ್ನು ಕೊಂಡಿಟ್ಟರು. ಜೂನ್ ಕೊನೆಯ ಶನಿವಾರ ನನ್ನ ಕಾರೇ ಅಡುಗೆಮನೆ.

ಕಳೆದ ಚಳಿಗಾಲದಲ್ಲಿ ಚಿಕಿತ್ಸೆಗೆಂದು ಊರಿಗೆ ಹೋದ ಟೀಚರ್ ಮತ್ತೆ ಬರಲಿಲ್ಲ. ಮನೆ ಖಾಲಿ ಮಾಡಲು ಬಂದ ಅವರ ಗಂಡ, "ಇದು ನಿಮಗೆ ಇರಲಿ" ಎಂದು ಇಡ್ಲಿ ತಟ್ಟೆಗಳನ್ನು ಕೈಗಿಟ್ಟರು. ಗುಳಿಗಳ ಅಂಚಿನಲ್ಲಿ ಇನ್ನೂ ನೀಲಿ ಇತ್ತು. ಅವರು ಹೋಗುವವರೆಗೆ ತಡೆದುಕೊಂಡು, ಬಾಗಿಲು ಹಾಕಿಕೊಂಡು ಅತ್ತೆ.

ಈ ಜೂನಿನಲ್ಲಿ ಲಿಫ್ಟಿನ ಪಕ್ಕ ಡಬ್ಬ ಇಟ್ಟವರಿಲ್ಲ. ಆದರೂ ಕಟ್ಟಡದ ಮಕ್ಕಳು ಅಭ್ಯಾಸಬಲದಿಂದ ಅದೇ ಜಾಗದಲ್ಲಿ ಕ್ರಯಾನ್ ರಾಶಿ ಹಾಕಿ ಹೋದರು. ನೋಡಿ ಸುಮ್ಮನಿರಲು ಆಗಲಿಲ್ಲ. ಮೊನ್ನೆ ಶುಕ್ರವಾರ ಎಣ್ಣೆ ಸವರಿ ಕಾರಿನಲ್ಲಿಟ್ಟೆ. ನಲವತ್ತೊಂದು ಆದವು. ನಮ್ಮ ಕನ್ನಡಿಗರ ಗ್ರೂಪಿನಲ್ಲಿ, ಲಗೇಜಿಗೆ ಜಾಗ ಕೇಳುವಾಗ ಎಲ್ಲರೂ ಹಾಕುವಂತೆ, "ಟಾಂಜಾನಿಯಾಕ್ಕೆ ಯಾರಾದ್ರೂ ಹೋಗ್ತಿದ್ದೀರಾ? ಮೂರು ಕೆಜಿ ಸಾಮಾನಿದೆ" ಎಂದು ಹಾಕಿದೆ. ಮಂಗಳೂರಿಗೆ ನಾಲ್ವರು, ಬೆಂಗಳೂರಿಗೆ ಆರು ಜನ ಹೊರಟಿದ್ದರು.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನೇ ಎಂದು ನನಗೆ ಗೊತ್ತು. ಪೆಟ್ಟಿಗೆ ಮನೆಯೊಳಗೆ, ಎಸಿ ಕೆಳಗೇ ಇದೆ. ಟೀಚರ್ ಇದ್ದಿದ್ದರೆ ಈ ವರ್ಷವೂ ಕರೆಯುತ್ತಿದ್ದರು... ಈಗ ಇನ್ಶಾ ಅಲ್ಲಾ ಎಂದು ತಪ್ಪಿಸಿಕೊಳ್ಳೋಣವೆಂದರೂ ಕೇಳುವವರಿಲ್ಲ.