ಒದ್ದೆ ಚಾದರದ ಕೋಣೆ

"ಬಿಜಾಪುರದ ಬಿಸಿಲು ಉಂಡವರಿಗೆ ಮುಂಬೈ ಬ್ಯಾಸಿಗಿ ಏನ್ ಮಾಡೀತು? ಅವರಿಗೆ ಆದದ್ದು ಉಪವಾಸದ ನಿತ್ರಾಣ."

ಮದುವೆಯಿರಲಿ, ಸೀಮಂತವಿರಲಿ, ನಮ್ಮ ಬಳಗದಲ್ಲಿ ನನ್ನ ಅತ್ತಿಗೆಯ ಮಾತು ಬಂದಾಗಲೆಲ್ಲ ಈ ಎರಡು ವಾಕ್ಯಗಳು ಜೋಡಿಯಾಗಿಯೇ ಬರುತ್ತವೆ. ಎರಡನ್ನೂ ನಾನು ಒಪ್ಪುವುದಿಲ್ಲ. ಒಪ್ಪದಿರುವುದೇ ನನ್ನ ಹುಟ್ಟುಗುಣವೆಂದು ಅವರು ನಗುತ್ತಾರೆ. ಆದರೆ ಈ ಬೇಸಿಗೆಯ ಮುನ್ನೋಟ ಟಿವಿಯಲ್ಲಿ ಬಂದಂದಿನಿಂದ ನನಗೆ ನಗು ಬರುತ್ತಿಲ್ಲ. ಕರಾವಳಿಯುದ್ದಕ್ಕೂ ತಾಪ ಏರಲಿದೆಯಂತೆ. ಗಾಳಿಯ ತೇವವೂ ಅದರೊಡನೆ ಏರಲಿದೆಯಂತೆ.

ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತು ವಯಸ್ಸು ಕಳೆದವನು ನಾನು. ಕಾಲೇಜು ಕಂಡಿಲ್ಲ, ರದ್ದಿ ಅಂಗಡಿಯಿಂದ ತಂದ ಪುಸ್ತಕಗಳೇ ಗುರುಗಳು. ಅವು ಕಲಿಸಿದ್ದು ಇಷ್ಟು: ಮೈ ತಣಿಯುವುದು ಬೆವರು ಬಂದಾಗಲ್ಲ, ಬೆವರು ಆರಿದಾಗ. ನಮ್ಮ ಬಿಜಾಪುರದ ಒಣ ಗಾಳಿ ಬಾಯಾರಿದ ದನದ ಹಾಗೆ, ತೇವ ಎಲ್ಲಿದ್ದರೂ ಹೀರುತ್ತದೆ. ಅದಕ್ಕೇ ಅಲ್ಲಿಯ ಹೆಂಗಸರು ಬೇಸಿಗೆಯ ಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ, ಒದ್ದೆ ಚಾದರ ಇಳಿಬಿಟ್ಟು, ನೆಲಕ್ಕೆ ನೀರು ಚಿಮುಕಿಸಿ ಮನೆಯನ್ನು ತಂಪಾಗಿಡುತ್ತಿದ್ದರು. ಮುಂಬೈಯ ಗಾಳಿಯೋ, ಮೊದಲೇ ಹೊಟ್ಟೆ ಬಿರಿಯುವಷ್ಟು ಕುಡಿದದ್ದು. ಅದರೆದುರು ಮತ್ತೆ ನೀರು ಹಿಡಿದರೆ ಕುಡಿದೀತೇ?

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಆಂಟಾಪ್ ಹಿಲ್‌ನ ಬಿಲ್ಡಿಂಗೊಂದರ ಕೊನೆಯ ಮಹಡಿಯಲ್ಲಿ ಮಗಳೊಡನೆ ಇದ್ದಾರೆ. ಮಗಳು ಆಫೀಸಿಗೆ ಹೋದರೆ ಸಂಜೆಯವರೆಗೆ ಒಬ್ಬರೇ. ಹೋದ ಬೇಸಿಗೆಯ ಒಂದು ಬೆಳಿಗ್ಗೆ ಅವರಿಗೆ ಫೋನ್ ಮಾಡಿದ್ದೆ.

"ವೈನಿ, ಕಿಡಕಿ ತೆರದಿಡ್ರಿ. ಭಾಳ ಸೆಕಿ ಐತಿ."

"ಮೂವತ್ತಾರ ಡಿಗ್ರಿ ಅಂತ ಟಿವಿಯಾಗ. ನಮ್ಮ ಕಡೆ ಮೂವತ್ತಾರಕ್ಕ ಹಪ್ಪಳಾ ಸೈತ ಒಣಗಂಗಿಲ್ಲ. ನೀವು ಕಾಂದಿವಲಿಯೊಳಗ ಕೂತು ಅಂಜ್ರಿ, ಪಂಡಿತ್ರ. ನಾ ಚಾದರ ತೊಯ್ಸಿ ಹಾಕೇನಿ."

ಮಧ್ಯಾಹ್ನ ಮತ್ತೆ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಇನ್ನೊಮ್ಮೆ, ಮತ್ತೊಮ್ಮೆ. ಚಪ್ಪಲಿ ಮೆಟ್ಟಿ ಹೊರಟೆ. ಲೋಕಲ್‌ನಲ್ಲಿ ಕಿಟಕಿಯ ಪಕ್ಕವೇ ಕೂತಿದ್ದರೂ ಬೆನ್ನಿನ ಬೆವರು ಆರಲೇ ಇಲ್ಲ. ಓಡುವ ಗಾಡಿಯಲ್ಲೇ ಆರದ ಬೆವರು ಆ ಮುಚ್ಚಿದ ಕೋಣೆಯಲ್ಲಿ ಹೇಗೆ ಆರೀತು? ದಾದರ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿದೆ.

ಬೆಲ್ಲಿಗೆ ಒಳಗಿನಿಂದ ಉತ್ತರವಿಲ್ಲ. ಪಕ್ಕದ ಮನೆಯ ಬಾಗಿಲು ತೆರೆಯಿತು. ಆಕೆ ಉಡುಪಿ ಕಡೆಯವರು. ಗಂಡನಿಗೆ ಹೋಟೆಲಿನಲ್ಲಿ ಕೆಲಸ.

"ಅಮ್ಮ ಮಲಗಿರ್ಬೇಕು ಮಾರಾಯ್ರೆ. ಆಗ ನಮ್ಮಲ್ಲಿ ತಿಂದು ಒಳಗೆ ಹೋದದ್ದು."

"ಕೀಲಿ ಐತೇನ್ರಿ ನಿಮ್ಮ ಕಡೆ?"

ನನ್ನ ಮುಖ ನೋಡಿ ಆಕೆ ಮತ್ತೇನೂ ಕೇಳದೆ ಕೀಲಿ ತಂದರು. ಬಾಗಿಲು ತೆಗೆದೊಡನೆ, ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದಂತೆ ಹಬೆ ಮುಖಕ್ಕೆ ಬಡಿಯಿತು. ಬೆಳಿಗ್ಗೆ ಹಾಕಿದ ಚಾದರಗಳು ಇನ್ನೂ ತೊಟ್ಟಿಕ್ಕುತ್ತಿದ್ದವು. ಫ್ಯಾನು ಅದೇ ಹಬೆಯನ್ನು ಕಡೆಯುತ್ತಿತ್ತು. ಅತ್ತಿಗೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಕೈ ಮುಟ್ಟಿದರೆ ಕಾದ ಹಂಚು.

"ಬಂದ್ರೇನ್ರೀ?" ಎಂದರು ನನ್ನನ್ನು ನೋಡಿ. "ಇವತ್ತ ಲಗೂ ಬಂದ್ರಲ್ಲ. ಚಾ ಇಡ್ಲೇನು?"

ಆ ದನಿಯಲ್ಲಿ ಅವರು ಮಾತಾಡುತ್ತಿದ್ದುದು ಅಣ್ಣನೊಡನೆ ಮಾತ್ರ.

ಚಾದರ ಕಿತ್ತೆಸೆದು ಕಿಟಕಿ ತೆರೆದೆ. ನೆರೆಯಾಕೆ ಫ್ರಿಜ್ಜಿನ ಮಂಜುಗಡ್ಡೆಯನ್ನೆಲ್ಲ ತಂದು ಕುತ್ತಿಗೆಗೂ ಕಂಕುಳಿಗೂ ಒತ್ತಿದರು. ನಾವಿಬ್ಬರೇ ಆಸ್ಪತ್ರೆಗೆ ಒಯ್ದೆವು. ಅತ್ತಿಗೆ ಉಳಿದರು. ಅವರು ಮನೆಗೆ ಮರಳುವ ಹೊತ್ತಿಗೆ ಬಳಗದಲ್ಲಿ ಕಥೆ ಸಿದ್ಧವಾಗಿತ್ತು: ಅಂದು ಸೋಮವಾರ, ಆದ್ದರಿಂದ ಉಪವಾಸ, ಆದ್ದರಿಂದ ನಿತ್ರಾಣ. ಯಾರೂ ಬೇಸರಪಡಬೇಕಾಗಿಲ್ಲದ ಕಥೆ. ಬಿಜಾಪುರದ ಮಾನವೂ ಉಳಿಯಿತು. ಪರಿಣಾಮವೆಂದರೆ ಉಪವಾಸ ನಿಂತಿತು, ಚಾದರ ನಿಲ್ಲಲಿಲ್ಲ.

ಈ ಸಲದ ಮುನ್ನೋಟ ಕೇಳಿದ ಮರುದಿನವೇ ಅತ್ತಿಗೆಯ ಮನೆಗೆ ಹೋದೆ. ಬಚ್ಚಲಿನ ಬಕೆಟ್ಟಿನಲ್ಲಿ ಚಾದರಗಳು ನೆನೆಯುತ್ತಿದ್ದವು.

"ಈಗ ಉಪಾಸ ಬಿಟ್ಟೇನಲ್ಲ, ಇನ್ನ್ಯಾತರ ಅಂಜಿಕಿ?" ಎಂದರು ಅತ್ತಿಗೆ.

"ಅವತ್ತ ಬಾಗಲಾ ಯಾರು ತೆಗದ್ರು, ವೈನಿ?"

"ನಿಮ್ಮಣ್ಣಾವ್ರು. ನಾ ಕಣ್ಣಾರೆ ನೋಡೇನಿ."

"ಕಾಕಾ, ಜಾನೇ ದೋ ನಾ, ಬಿಡ್ರಿ ಇನ್ನ," ಎಂದಳು ಮಗಳು. "ಉಪವಾಸದ್ದ ವೀಕ್‌ನೆಸ್ ಇತ್ತು ಅದು."

ನಾನು ಪಕ್ಕದ ಬಾಗಿಲು ತಟ್ಟಿ ನೆರೆಯಾಕೆಯನ್ನು ಕರೆತಂದೆ. ಅಷ್ಟು ದಿನವೂ ನನ್ನ ಮಾತನ್ನು ನಂಬದ ಬಳಗದ ಯಾರೊಬ್ಬರೂ ಆಕೆಯನ್ನು ಒಂದು ಮಾತು ಕೇಳಿರಲಿಲ್ಲ.

"ಎಂತ ಉಪವಾಸ?" ಎಂದರು ಆಕೆ. "ಅವತ್ತು ಮಧ್ಯಾಹ್ನ ನಮ್ಮಲ್ಲಿ ಕೂತು ನೀರುದೋಸೆ ತಿಂದದ್ದು ಯಾರು ಮತ್ತೆ? ನಾನು ಕೇಳಿದೆ, ಅಮ್ಮಾ ಇವತ್ತು ಸೋಮವಾರ ಅಲ್ವಾ ಅಂತ. ಸೋಮವಾರ ನಿನ್ನೆ ಆಯ್ತು ಅಂದ್ರಿ ನೀವು. ನಾನು ತಮಾಷೆ ಅಂದುಕೊಂಡೆ."

ಅತ್ತಿಗೆಯ ಮುಖ ಬಿಳುಪೇರಿತು. ವರ್ಷಾನುಗಟ್ಟಲೆ ಒಂದು ಸೋಮವಾರವನ್ನೂ ತಪ್ಪಿಸದವರು. ಅಂದರೆ ನಡುಹಗಲಿಗೇ ಸೆಕೆ ಅವರ ತಲೆಯೊಳಗೆ ಇಳಿದಿತ್ತು.

"ಹಂಗಾರ ಬಾಗಲಾ ತೆಗದವರು..." ಎಂದು ಅವರು ನನ್ನತ್ತ ನೋಡಿ ಮಾತು ನಿಲ್ಲಿಸಿದರು. ಮಗಳು ಎದ್ದು ಹೋಗಿ ಬಕೆಟ್ ಬರಿದು ಮಾಡಿದಳು.

ನನ್ನ ಅಂಜಿಕೆ ಅದರಿಂದ ತೀರಿಲ್ಲ. ಬೇಸಿಗೆ ಇನ್ನೂ ಮುಂದಿದೆ, ಚಾದರ ಮನೆಯಲ್ಲೇ ಇದೆ. ಈಗಲೂ ಬಿಜಾಪುರದ ಬಿಸಿಲಿನ ಮಾತಾಡುವವರು ನನ್ನನ್ನು ನಂಬಬೇಕಾಗಿಲ್ಲ. ಆ ನೆರೆಯಾಕೆ ಅದೇ ಮಹಡಿಯಲ್ಲಿದ್ದಾರೆ. ಅತ್ತಿಗೆಯ ಮನೆಯ ಕೀಲಿ ಅವರ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿದೆ. ಹೋಗಿ ದೋಸೆಯ ವಿಚಾರ ಕೇಳಬಹುದು.